ನೀಲಿ ಪಟ್ಟಿ, ಕೆಂಪು ಪಟ್ಟಿ

ಮೀಸೆ ಹೊತ್ತ ಬಾಣಂತಿಯನ್ನು ನೀವು ಎಲ್ಲೂ ನೋಡಿರಲಿಕ್ಕಿಲ್ಲ. ಆ ದೊಡ್ಡಾಸ್ಪತ್ರೆಯ ಹಿಂಬದಿಯ ಕಟ್ಟಡದಲ್ಲಿ ಒಬ್ಬನಿದ್ದ. ತಲೆ ಅರ್ಧ ನರೆತಿತ್ತು, ಹೊಟ್ಟೆ ಸ್ವಲ್ಪ ಮುಂದೆ ಬಂದಿತ್ತು, ಮೀಸೆಯಂತೂ ಮೂಗಿನ ಕೆಳಗೆ ಪೊರಕೆ ಕಟ್ಟಿದ ಹಾಗೆ. ಆದರೂ ಗೇಟಿನ ಕಾವಲುಗಾರನಿಂದ ಹಿಡಿದು ಡಾಕ್ಟರವರೆಗೆ ಎಲ್ಲರ ಬಾಯಲ್ಲೂ ಅವನು ‘ಬಾಣಂತಿ’. ಹೆಸರಿಟ್ಟವನು ಹೊರಗಿನವನಲ್ಲ, ಹೆಂಡತಿಯ ಒಡಹುಟ್ಟಿದ ತಮ್ಮ. ಭಾವ ಯಾವ ಮದುವೆಗೂ ಹೊತ್ತಿಗೆ ಸರಿಯಾಗಿ ಬರುವುದಿಲ್ಲ, ಬಂದರೂ ಕೈ ತೊಳೆಯುವ ಮೊದಲೇ ‘ಮಕ್ಕಳು ಹಸಿದಿರ್ತಾವೆ’ ಎಂದು ಕೆಲಸಕ್ಕೆ ಓಡುತ್ತಾನೆ. ಅದನ್ನು ನೋಡಿ ನೋಡಿ ಆ ಕಿಡಿಗೇಡಿ ಒಂದು ದಿನ ನಾಲ್ಕು ಜನರೆದುರು, “ದಾರಿ ಬಿಡ್ರಪ್ಪಾ, ನಮ್ಮನೆ ಬಾಣಂತಿ ಹೊರಟ್ಲು!” ಎಂದು ಕೂಗಿಬಿಟ್ಟ. ಅಂದಿನಿಂದ ಅದೇ ಖಾಯಂ.

ಅವನ ಕೆಲಸ ಚರ್ಮ ಬೆಳೆಸುವುದು. ನಗಬೇಡಿ, ನಿಜವಾದ ಚರ್ಮವೇ. ಮೈಯ ಬಹುಪಾಲು ಸುಟ್ಟುಹೋದವರಿಗೆ ಹೊದಿಸಲು ಅವರದೇ ಉಳಿದ ಚರ್ಮ ಸಾಲುವುದಿಲ್ಲ, ಬೇರೆಯವರದ್ದು ಮೈಗೆ ಹತ್ತುವುದಿಲ್ಲ. ಅದಕ್ಕೆ ಸುಡದೆ ಉಳಿದ ಕಡೆಯಿಂದ ಅಂಚೆಚೀಟಿಯಷ್ಟು ಚರ್ಮ ತೆಗೆದು ಇವನ ಕೋಣೆಗೆ ಕಳಿಸುತ್ತಾರೆ. ಇವನು ಅದರ ಜೀವಕೋಶಗಳನ್ನು ಬಿಡಿಬಿಡಿಯಾಗಿಸಿ, ಚಪ್ಪಟೆ ತಟ್ಟೆಗಳಲ್ಲಿ ಹರಡಿ, ಗುಲಾಬಿ ಬಣ್ಣದ ದ್ರವ ಕುಡಿಸಿ, ಮೈಬಿಸಿಯಷ್ಟೇ ಬಿಸಿಯಿರುವ ಪೆಟ್ಟಿಗೆಯಲ್ಲಿಟ್ಟು ಸಾಕುತ್ತಾನೆ. ಅದಕ್ಕೆ ಅಲ್ಲಿನವರು ಕಾವುಪೆಟ್ಟಿಗೆ ಅನ್ನುತ್ತಾರೆ. ಒಂದು ಕೋಶ ಎರಡಾಗುತ್ತದೆ, ಎರಡು ನಾಲ್ಕಾಗುತ್ತವೆ. ಗುಲಾಬಿ ದ್ರವ ಹಳದಿಗೆ ತಿರುಗಿತೋ, ಹಸಿದಿವೆ ಎಂದು ಅರ್ಥ. ಮನೆಯಲ್ಲಿ ಮದುವೆಯಿರಲಿ, ಸಾವಿರಲಿ, ಹೋಗಿ ಬದಲಿಸಲೇಬೇಕು.

ತಟ್ಟೆ ತುಂಬಿದ ಮೇಲೆ ದ್ರವದಲ್ಲಿ ಕ್ಯಾಲ್ಸಿಯಂ ಹೆಚ್ಚಿಸುತ್ತಾರೆ. ಅಲ್ಲಿಯವರೆಗೆ ತಮ್ಮ ಪಾಡಿಗೆ ತಾವು ಅಲೆಯುತ್ತಿದ್ದ ಕೋಶಗಳು ಆಗ ಅಕ್ಕಪಕ್ಕದವುಗಳ ಕೈ ಹಿಡಿದು ಒಂದು ಹಾಳೆಯಾಗುತ್ತವೆ. ಈರುಳ್ಳಿಯ ಪೊರೆಗಿಂತ ತೆಳುವಾದ ಹಾಳೆ. ಅದಕ್ಕೊಂದು ಬೇರೆ ಔಷಧಿಯಿದೆ. ಹಾಕಿದರೆ ಹಾಳೆ ತಟ್ಟೆಯನ್ನು ಬಿಟ್ಟು ಏಳುತ್ತದೆ, ಕೋಶಗಳು ಮಾತ್ರ ಒಂದನ್ನೊಂದು ಬಿಡುವುದಿಲ್ಲ. ಆದರೆ ಅವು ಸರಿಯಾಗಿ ಕೈ ಹಿಡಿಯುವ ಮೊದಲೇ ಆತುರಪಟ್ಟು ಎಬ್ಬಿಸಿದರೆ ಹಾಳೆಯೂ ಇಲ್ಲ, ಚರ್ಮವೂ ಇಲ್ಲ. ತಟ್ಟೆಯಲ್ಲಿ ಕದಡಿದ ನೀರು ಉಳಿಯುತ್ತದೆ, ಅಷ್ಟೇ.

ಆ ಕೋಣೆಗೊಂದು ಪದ್ಧತಿಯಿತ್ತು. ಚರ್ಮದ ಚೂರು ಬರುವ ಸೀಸೆಗೆ ರೋಗಿಯ ಹೆಸರು ಬರೆಯುವುದಿಲ್ಲ, ಬಣ್ಣದ ಪಟ್ಟಿ ಸುತ್ತುತ್ತಾರೆ. ಯಾವ ಬಣ್ಣ ಯಾರದ್ದು ಎಂದು ಸುಟ್ಟಗಾಯದ ವಾರ್ಡಿನ ಡಾಕ್ಟರಮ್ಮನಿಗೆ ಮಾತ್ರ ಗೊತ್ತು. ಸಾಕುವವನಿಗೆ ಗೊತ್ತಾದರೆ ಕೈ ನಡುಗುತ್ತದೆ, ಒಂದು ಕಣ್ಣಿಗೆ ಬೆಣ್ಣೆ ಒಂದು ಕಣ್ಣಿಗೆ ಸುಣ್ಣ ಆಗುತ್ತದೆ ಎಂದು ಹಿಂದೆ ಯಾರೋ ಪುಣ್ಯಾತ್ಮರು ಮಾಡಿದ್ದು. ಬಾಣಂತಿಗೆ ಇದು ಬಹಳ ಹಿಡಿಸಿತ್ತು. ಹೆಸರಿಲ್ಲದ ಕೂಸುಗಳನ್ನು ಸಾಕುವುದು ಸುಲಭ. ಸತ್ತರೆ ಅಳು ಕಡಿಮೆ.

ಹೀಗಿರುವಾಗ ಒಂದು ಮಧ್ಯಾಹ್ನ ಹೆಂಡತಿಯ ತಮ್ಮನಿಗೆ ಬೆಂಕಿ ತಗುಲಿತು. ಅವನು ಗ್ಯಾರೇಜೊಂದರಲ್ಲಿ ಗಾಡಿಗಳಿಗೆ ಬಣ್ಣ ಹೊಡೆಯುವವನು. ತಿನ್ನರ್ ಡಬ್ಬಿಗೆ ಪಕ್ಕದ ವೆಲ್ಡಿಂಗಿನ ಕಿಡಿ ಹಾರಿ ಬೆನ್ನು, ಸೊಂಟ, ಎರಡು ತೊಡೆ ಬೆಂದುಹೋದವು. ತಂದದ್ದು ಇದೇ ಆಸ್ಪತ್ರೆಗೆ. ಮಾರನೆಯ ದಿನ ಬಾಣಂತಿಯ ಕೋಣೆಗೆ ಎರಡು ಸೀಸೆ ಬಂದವು. ಒಂದಕ್ಕೆ ಕೆಂಪು ಪಟ್ಟಿ, ಇನ್ನೊಂದಕ್ಕೆ ನೀಲಿ ಪಟ್ಟಿ. ವಾರ್ಡಿನಲ್ಲಿ ಅದೇ ವಾರ ಸೇರಿದ್ದ ಇನ್ನೊಬ್ಬಾಕೆ ಬಟ್ಟೆ ಒಗೆಯುವ ಕಾರ್ಖಾನೆಯವಳು, ಬಿಸಿನೀರಿನ ಕೊಳವೆ ಒಡೆದು ಬೆಂದವಳು. ಎರಡರಲ್ಲಿ ಒಂದು ಭಾಮೈದನದು. ಯಾವುದು? ಅದು ಗೊತ್ತಿಲ್ಲ.

ಅವನು ನೇರವಾಗಿ ಸಿನಿಮಾ ಮೇಡಂ ಹತ್ತಿರ ಹೋದ. ಆಕೆ ಆ ಕಟ್ಟಡದ ಸಂಶೋಧಕಿ. ಕೋಶಗಳು ಹೇಗೆ ಒಡೆದು ಎರಡಾಗುತ್ತವೆ, ಹೇಗೆ ನಡೆಯುತ್ತವೆ, ಹೇಗೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ ಎಂದು ಮೈಕ್ರೋಸ್ಕೋಪಿಗೆ ಕ್ಯಾಮೆರಾ ಕಟ್ಟಿ ದಿನಗಟ್ಟಲೆ ಚಿತ್ರ ತೆಗೆಯುವುದೇ ಆಕೆಯ ಕೆಲಸ, ಅದಕ್ಕೇ ಆ ಹೆಸರು.

“ಮೇಡಂ, ಆ ಎರಡರಲ್ಲಿ ಒಂದು ನಮ್ಮನೇದು. ನಾನು ಮುಟ್ಟಬಹುದೋ ಬೇಡವೋ?”

“ಯಾವುದು ಅಂತ ಗೊತ್ತಾ?”

“ಇಲ್ಲ.”

“ನನಗೂ ಇಲ್ಲ. ಹಾಗೇ ಇರ್ಲಿ ಬಿಡಿ. ನಿಮ್ಮನ್ನ ಬಿಟ್ರೆ ಹಾಳೆ ಎತ್ತೋರು ಇಲ್ಲಿ ಯಾರಿದ್ದಾರೆ?”

ಮನೆಯಲ್ಲಿ ಹೆಂಡತಿ ಬಿಡಬೇಕಲ್ಲ. “ಬೆಳೀತಿದೆಯೇನ್ರೀ?” ಎಂದು ಬಾಗಿಲಲ್ಲೇ ಕೇಳುವಳು. “ಎರಡೂ ಬೆಳೀತಿವೆ.” “ನಮ್ಮದು ಯಾವುದು?” “ಗೊತ್ತಿಲ್ಲ ಮಾರಾಯ್ತಿ.” “ಗೊತ್ತಿಲ್ವೋ, ಹೇಳಲ್ವೋ?” ಇದು ದಿನದಿನದ ಸಂವಾದ. ತಾಯಿ ಸತ್ತ ಮೇಲೆ ಆ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. ಅವಳ ಸಿಟ್ಟು ನ್ಯಾಯವಾದದ್ದೇ.

ಬಾಣಂತಿಗೂ ಕೆಟ್ಟ ಕುತೂಹಲ ಹತ್ತಿತು. ಕೆಂಪು ಪಟ್ಟಿಯ ಕೋಶಗಳು ಬಲು ಚುರುಕು. ಇವತ್ತು ನೋಡಿದ ಖಾಲಿ ಜಾಗ ನಾಳೆ ಇರುತ್ತಿರಲಿಲ್ಲ. ನೀಲಿಯವು ಮುನಿಸಿಕೊಂಡ ಮಕ್ಕಳ ಹಾಗೆ ಮೂಲೆ ಹಿಡಿದಿದ್ದವು, ಹಾಲು ಕುಡಿದು ಸುಮ್ಮನಾಗುತ್ತಿದ್ದವು. ಕೂತಲ್ಲಿ ಕೂರದ ಭಾಮೈದನನ್ನು ನೆನೆದು ‘ಕೆಂಪೇ ಅವನದು, ಸಂಶಯವೇ ಬೇಡ’ ಎಂದು ಒಳಗೊಳಗೇ ತೀರ್ಮಾನಿಸಿದ. ತೀರ್ಮಾನಿಸಿದ್ದಕ್ಕೆ ತನಗೇ ಬೈದುಕೊಂಡು, ಆ ದಿನ ಬೇಕೆಂದೇ ನೀಲಿಗೆ ಮೊದಲು ಉಣಿಸಿದ.

ಮೂರು ವಾರವಾಗುತ್ತ ಬಂದಾಗ, ಇನ್ನೇನು ದಡ ಸೇರಿತು ಎನ್ನುವ ಹೊತ್ತಿಗೆ, ಕಾವುಪೆಟ್ಟಿಗೆ ಕೈಕೊಟ್ಟಿತು. ಬೆಳಗ್ಗೆ ಬಾಗಿಲು ತೆರೆದರೆ ಒಳಗಿನ ಫ್ಯಾನು ಸುಟ್ಟ ವಾಸನೆ, ಬಿಸಿ ಇಳಿಯುತ್ತಲೇ ಇದೆ. ಆ ಫ್ಯಾನು ಗೊರಗೊರ ಅನ್ನುತ್ತಿದೆ ಎಂದು ಅವನು ಆಫೀಸಿನವರಿಗೆ ಹೇಳಿ ಹೇಳಿ ಬಾಯಿ ನೋಯಿಸಿಕೊಂಡಿದ್ದ. ಈಗ ಓಡೋಡಿ ಬಂದರು ಎಲ್ಲ, ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವ ಮಹಾನುಭಾವರು! ರಿಪೇರಿಯವನು ಬರುವುದು ನಾಳೆಯಂತೆ. ಉಳಿದದ್ದು ಸಿನಿಮಾ ಮೇಡಂ ಹತ್ತಿರವಿದ್ದ ಚಿಕ್ಕ ಪೆಟ್ಟಿಗೆ. ಅದರಲ್ಲಿ ಒಬ್ಬರ ತಟ್ಟೆಗಳಿಗಷ್ಟೇ ಜಾಗ.

ಅವನು ವಾರ್ಡಿಗೆ ಫೋನು ಮಾಡಿದ.

“ಡಾಕ್ಟರಮ್ಮ, ಒಬ್ಬರದನ್ನ ಇವತ್ತೇ ಎತ್ತಬೇಕು. ಇನ್ನೊಬ್ಬರದನ್ನ ಉಳಿಸ್ಕೋಬಹುದು. ಆಪರೇಷನ್ ಆಗುತ್ತಾ?”

“ಮಧ್ಯಾಹ್ನ ಥಿಯೇಟರ್ ಸಿಗುತ್ತೆ. ನೋಡಿ, ಇಬ್ಬರ ಗಾಯಾನೂ ಚರ್ಮಕ್ಕೆ ಕಾಯ್ತಿದೆ. ಒಬ್ಬರಿಗೆ ಜ್ವರ ಏರ್ತಿದೆ, ಯಾರು ಅಂತ ಹೇಳಲ್ಲ. ಯಾವುದು ತಯಾರಿದೆಯೋ ಅದನ್ನ ಕೊಡಿ. ಆರಿಸೋರು ನೀವು.”

ಆರಿಸೋರು ನೀವು! ಗೌನು ತೊಟ್ಟು, ಮುಖಗವಸು ಕಟ್ಟಿ, ಕೈಗವಸು ಹಾಕಿ ಎರಡೂ ಬಣ್ಣದ ತಟ್ಟೆಗಳನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟ. ಎರಡರಲ್ಲೂ ಸಂದಿಲ್ಲದೆ ಕೋಶಗಳು ತುಂಬಿದ್ದವು. ನೀಲಿಯೂ ಕೊನೆಗೆ ಹಠ ಬಿಟ್ಟು ಬೆಳೆದಿತ್ತು, ಆದರೆ ಅದಕ್ಕೆ ಕ್ಯಾಲ್ಸಿಯಂ ಕೊಟ್ಟದ್ದು ಕೆಂಪಿಗಿಂತ ತಡವಾಗಿ. ಕೈ ಹಿಡಿದಿವೆಯೋ, ಸುಮ್ಮನೆ ಒತ್ತಿ ನಿಂತಿವೆಯೋ? ಬಸ್ಸಿನಲ್ಲಿ ನಿಂತವರೆಲ್ಲ ನೆಂಟರೇನು? ಕಣ್ಣಿಗೆ ಅದು ತಿಳಿಯುವಂತಿರಲಿಲ್ಲ.

“ನನ್ನ ಕ್ಯಾಮೆರಾ ಕೆಳಗೆ ಇಬ್ಬರದ್ದೂ ಒಂದೊಂದು ಪುಟ್ಟ ತಟ್ಟೆ ನಿನ್ನೆಯಿಂದ ಇದೆ,” ಎಂದರು ಸಿನಿಮಾ ಮೇಡಂ. “ಸ್ವಲ್ಪ ತಡೀರಿ, ಓಡಿಸಿ ನೋಡಿಬಿಡೋಣ.”

ಆಕೆ ಪಕ್ಕದ ಕೋಣೆಗೆ ಹೋದದ್ದೇ ತಡ, ಗಾಜಿನ ಬಾಗಿಲಾಚೆ ಹೆಂಡತಿ ನಿಂತಿದ್ದಳು. ಕೂದಲು ಕೆದರಿತ್ತು, ಎರಡು ಕಾಲಿಗೆ ಎರಡು ಜೊತೆಯ ಚಪ್ಪಲಿ. ವಾರ್ಡಿನಿಂದ ಓಡಿಬಂದಿದ್ದಳು.

“ರೀ! ಅವನಿಗೆ ಜ್ವರ ನೆತ್ತಿಗೇರಿದೆ. ಇವತ್ತು ಒಬ್ರಿಗೆ ಮಾತ್ರ ಚರ್ಮ ಹಾಕ್ತಾರಂತೆ, ನರ್ಸಮ್ಮ ಅಂದ್ರು. ಅವತ್ತು ಅವನಿಗೆ ಎಚ್ಚರ ಇತ್ತು ರೀ, ಸೀಸೆಗೆ ಸುತ್ತಿದ ಪಟ್ಟಿ ನೋಡಿದ್ದಾನೆ! ಈಗ ಹೇಳಿದ. ಅದರ ಬಣ್ಣ...”

“ಹೇಳ್ಬೇಡ!”

“ಒಂದೇ ಮಾತು ರೀ!”

“ಹೇಳ್ಬೇಡ ಅಂದೆ! ನಿನ್ನ ಕಾಲಿಗೆ ಬೀಳ್ತೀನಿ!”

ಅವಳು ಕೇಳುವ ಪೈಕಿಯಲ್ಲ, ಬಾಯಿ ತೆರೆದೇಬಿಟ್ಟಳು. ಬಾಣಂತಿ ಕಿವಿ ಮುಚ್ಚಿಕೊಳ್ಳೋಣವೆಂದರೆ ಕೈಗವಸು ಹಾಕಿದ ಕೈ, ತಲೆಗೆ ಕಿವಿಗೆ ಮುಟ್ಟಿಸುವಂತಿಲ್ಲ. ಎರಡು ಕೈ ಮೇಲೆತ್ತಿಕೊಂಡು ನಿಂತವನಿಗೆ ಆ ಕ್ಷಣಕ್ಕೆ ಹೊಳೆದದ್ದು ಒಂದೇ ದಾರಿ. ಗಂಟಲು ಹರಿಯುವ ಹಾಗೆ ಕೂಗತೊಡಗಿದ.

“ಎರಡೊಂದ್ಲ ಎರಡು! ಎರಡೆರಡ್ಲ ನಾಲ್ಕು! ಎರಡ್ಮೂರ್ಲ ಆರು!”

ಕಾರಿಡಾರಿನಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. ಗಾಜಿನಾಚೆ ಹೆಂಡತಿಯ ತುಟಿ ಆಡಿತು, ಮಾತು ಮಗ್ಗಿಯಲ್ಲಿ ಮುಳುಗಿತು. ಅವನು ಕಣ್ಣನ್ನೂ ಬಿಗಿಯಾಗಿ ಮುಚ್ಚಿಕೊಂಡ, ತುಟಿ ಓದಿಬಿಟ್ಟೇನೆಂಬ ಹೆದರಿಕೆಗೆ. ಮಗ್ಗಿ ಮುಗಿಸಿ ಕಣ್ಣು ಬಿಟ್ಟಾಗ ಅವಳು ಅಲ್ಲೇ ಇದ್ದಳು, ಕೂಗುತ್ತಿರಲಿಲ್ಲ.

“ನನ್ನ ತಮ್ಮ ಸಾಯ್ತಿದ್ದಾನೆ,” ಎಂದಳು ನಿಧಾನವಾಗಿ. “ನೀವು ಮಗ್ಗಿ ಹೇಳ್ತಿದ್ದೀರಾ. ಆಯ್ತು. ಇನ್ನು ನಾನು ಬಾಯಿ ಬಿಡಲ್ಲ.” ಹೊರಟೇಹೋದಳು.

ಅವನಿಗೆ ಓಡಿಹೋಗಿ ಅವಳನ್ನು ಹಿಡಿದು ನಿಲ್ಲಿಸಿ, ಯಾವ ಬಣ್ಣವೇ, ಹೇಳೇ ಎಂದು ಕೇಳಬೇಕೆನ್ನಿಸಿತು. ನಿಜ ಹೇಳಬೇಕೆಂದರೆ ಒಂದು ಹೆಜ್ಜೆ ಇಟ್ಟೂ ಆಗಿತ್ತು. ಅಷ್ಟರಲ್ಲಿ ಮೇಡಂ ಕರೆದರು.

ಪರದೆಯ ಮೇಲೆ ನಿನ್ನೆಯ ಇಡೀ ದಿನ ಒಂದೆರಡು ನಿಮಿಷದಲ್ಲಿ ಓಡಿತು. ಕೆಂಪಿನ ಕೋಶಗಳು ಒಟ್ಟೊಟ್ಟಿಗೆ ಸರಿಯುತ್ತಿದ್ದವು. ಒಂದು ಎಳೆದರೆ ಪಕ್ಕದ್ದೂ ಬರುತ್ತಿತ್ತು. ಅಲ್ಲೊಂದು ಇಲ್ಲೊಂದು ಒಡೆದು ಎರಡಾಗಲು ದುಂಡಗಾದರೂ, ಅಕ್ಕಪಕ್ಕದವುಗಳ ಹಿಡಿತ ಬಿಡುತ್ತಿರಲಿಲ್ಲ. ನೀಲಿಯಲ್ಲಿ ಹಾಗಿರಲಿಲ್ಲ. ಒಂದು ಪೂರ್ವಕ್ಕೆ ಹೋದರೆ ಇನ್ನೊಂದು ಪಶ್ಚಿಮಕ್ಕೆ, ಒಂದರ ಪಕ್ಕದಿಂದ ಇನ್ನೊಂದು ನುಸುಳಿಕೊಂಡು ಸಂತೆಯಲ್ಲಿನ ಜನರ ಹಾಗೆ.

“ನೀಲಿ ಇನ್ನೂ ಹಾಳೆ ಆಗಿಲ್ಲ,” ಎಂದರು ಮೇಡಂ. “ನೋಡೋಕೆ ಮಾತ್ರ ಹಾಗಿದೆ.”

ಬಾಣಂತಿಗೆ ಒಳಗೊಳಗೇ ಖುಷಿಯಾಯಿತು, ಯಾಕೆಂದರೆ ಕೆಂಪು ತಮ್ಮವನದೇ ಎಂದು ನಂಬಿದ್ದನಲ್ಲ! ಖುಷಿಯಾದದ್ದಕ್ಕೆ ನಾಚಿಕೆಯೂ ಆಯಿತು. ನೀಲಿ ತಟ್ಟೆಗಳನ್ನು ಚಿಕ್ಕ ಪೆಟ್ಟಿಗೆಗೆ ಸೇರಿಸಿ ಕೆಂಪನ್ನು ಎತ್ತಲು ಕೂತ. ಔಷಧಿ ಹಾಕಿ ಕಾದ. ತಟ್ಟೆಯ ಅಂಚು ಬೆಳ್ಳಗಾಯಿತು, ಮುದುಡಿತು, ಹಾಳೆ ಮೆಲ್ಲಗೆ ತೇಲಿತು. ಬಿಟ್ಟ ಕೂಡಲೇ ಅದು ಕುಗ್ಗುತ್ತದೆ. ಕುಗ್ಗುವುದರೊಳಗೆ ಮೇಲೆ ಜಾಳಿಗೆ ಬಟ್ಟೆ ಹಾಸಿ, ಅಂಚಿಗೆ ಸಣ್ಣ ಕ್ಲಿಪ್ಪು ಹಾಕಿ, ಕೆಳಮಗ್ಗುಲು ಕೆಳಗೇ ಇರುವ ಹಾಗೆ ಎತ್ತಬೇಕು. ಮಗ್ಗುಲು ತಪ್ಪಿದರೆ ಗಾಯಕ್ಕೆ ಅಂಟುವುದಿಲ್ಲ. ಉಸಿರು ಬಿಗಿಹಿಡಿದು ಒಂದಾದ ಮೇಲೊಂದು ಎತ್ತಿದ. ಒಂದೂ ಹರಿಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಎಲ್ಲವೂ ಥಿಯೇಟರಿಗೆ ಹೋದವು.

ಸಂಜೆ ಮನೆಗೆ ನಗುಮುಖದಲ್ಲೇ ಬಂದ. ಹೆಂಡತಿ ತಟ್ಟೆಯನ್ನು ಟೇಬಲ್ಲಿನ ಮೇಲೆ ಕುಕ್ಕಿದಳು. ಆಪರೇಷನ್ ಹೇಗಾಯಿತೆಂದು ಕೇಳಲಿಲ್ಲ. ಕಣ್ಣು ಊದಿದ್ದವು. ಮಾತು ಕೊಟ್ಟಂತೆ ಬಾಯಿ ಬಿಡಲಿಲ್ಲ, ಬಿಡುವ ಅಗತ್ಯವೂ ಇರಲಿಲ್ಲ. ಅವಳ ಮುಖ ನೋಡಿದ್ದೇ ಬಾಣಂತಿಗೆ ಅರ್ಥವಾಗಿಹೋಯಿತು. ಇವತ್ತು ಥಿಯೇಟರಿಗೆ ಹೋದದ್ದು ಒಗೆಯುವ ಕಾರ್ಖಾನೆಯ ಹೆಂಗಸು. ನೀಲಿ, ಆ ಮುನಿಸಿಕೊಂಡ ನೀಲಿಯೇ ಭಾಮೈದ. ಊಟದ ತಟ್ಟೆ ಸರಿಸಿ ಎದ್ದ.

ಬೆಳಗಾಗುವುದನ್ನೇ ಕಾದು ಕೋಣೆಗೆ ಓಡಿದ. ಹೋಗುವಷ್ಟರಲ್ಲಿ ಫೋನು ಬಡಿದುಕೊಳ್ಳುತ್ತಿತ್ತು.

“ಜ್ವರ ಇಳೀತಿಲ್ಲ,” ಎಂದರು ಡಾಕ್ಟರಮ್ಮ. “ಇವತ್ತು ಕೊಡೋಕಾಗುತ್ತಾ?”

“ನೋಡ್ತೀನಿ.” ಅವನ ದನಿ ಅವನಿಗೇ ಬೇರೆಯವರದ್ದೆನ್ನಿಸಿತು.

ನೀಲಿ ತಟ್ಟೆ ತೆಗೆದು ನೋಡಿದ. ತುಂಬಿದೆ, ಸಂದಿಲ್ಲ, ನಿನ್ನೆಗಿಂತ ಚೆನ್ನಾಗಿದೆ. ಮೇಡಂ ಇನ್ನೂ ಬಂದಿಲ್ಲ, ಸಿನಿಮಾ ನೋಡುವ ತಾಳ್ಮೆ ಯಾರಿಗಿದೆ? ಅಲ್ಲಿ ಹುಡುಗ ಬೇಯುತ್ತಿದ್ದಾನೆ. ಅಪ್ಪನ ಜೇಬಿನಿಂದ ಬೀಡಿ ಕದ್ದು ಸಿಕ್ಕಿಬಿದ್ದು ಭಾವನ ಬೆನ್ನ ಹಿಂದೆ ಅಡಗುತ್ತಿದ್ದ ಹುಡುಗ, ಕಂಡಕಂಡಲ್ಲಿ ಬಾಣಂತಿ ಬಾಣಂತಿ ಎಂದು ಮಾನ ಕಳೆದ ಹುಡುಗ. ಆಗಿದೆ, ಖಂಡಿತ ಆಗಿದೆ ಎಂದಿತು ಮನಸ್ಸು. ಇಷ್ಟು ವರ್ಷ ಯಾರ ತಟ್ಟೆಗೂ ಹಾಗೆ ಮಾಡದವನು ಒಂದು ನೀಲಿ ತಟ್ಟೆಗೆ ಔಷಧಿ ಸುರಿದ.

ಅಂಚು ಬೆಳ್ಳಗಾಯಿತು. ಹಾಳೆ ಏಳುತ್ತಿದೆ ಎಂದುಕೊಂಡ. ಎದ್ದದ್ದು ಹೌದು, ಎದ್ದ ಕೂಡಲೇ ನಡುವೆ ಒಂದು ಸೀಳು ಕಂಡಿತು. ಸೀಳು ಎರಡಾಯಿತು. ಜಾಳಿಗೆ ಬಟ್ಟೆ ತರುವುದರೊಳಗೆ ಹಾಳೆ ಚಿಂದಿಯಾಗಿ, ಚಿಂದಿ ಪುಡಿಯಾಗಿ, ನೋಡನೋಡುತ್ತಿದ್ದಂತೆ ತಟ್ಟೆಯ ತುಂಬ ಕದಡಿದ ನೀರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅಂಗೈಯಗಲದ ಭಾಮೈದ ಅವನ ಕಣ್ಣೆದುರೇ ಕರಗಿಹೋದ. ಬಾಣಂತಿ ತಟ್ಟೆ ಹಿಡಿದುಕೊಂಡು ಗಳಗಳನೆ ಅತ್ತ. ಮೀಸೆಯೆಲ್ಲ ಒದ್ದೆಯಾಯಿತು, ಮುಖಗವಸು ಒದ್ದೆಯಾಯಿತು.

ಮೇಡಂ ಬಂದು ನೋಡಿದರು. ಬೈಯಲಿಲ್ಲ.

“ಗೊತ್ತಾಗೋಯ್ತಾ ಯಾರದ್ದು ಅಂತ?”

“ಹೂಂ ಮೇಡಂ.”

“ಒಂದೇ ತಟ್ಟೆ ತಾನೇ ಹೋಗಿದ್ದು? ಉಳಿದವನ್ನ ಒಳಗಿಡಿ. ಡಾಕ್ಟರಿಗೆ ಫೋನ್ ಮಾಡಿ.”

ಆ ಫೋನು ಅವನ ಜನ್ಮದಲ್ಲೇ ಕಷ್ಟದ್ದು. ಇವತ್ತು ಆಗೋದಿಲ್ಲ ಡಾಕ್ಟರಮ್ಮ, ಎಂದ. ನಾಳೆ? ಎಂದರು ಆಕೆ. ಅವನ ಕಣ್ಣು ಪೆಟ್ಟಿಗೆಯ ಮೇಲೇ ಇತ್ತು. ನಾಳೆಯೂ ಹೇಳಲಾರೆ, ಅವು ಒಂದಾದಾಗ ಹೇಳ್ತೀನಿ, ಅಲ್ಲಿವರೆಗೆ ನೀವು ಅವನನ್ನ ಹಿಡ್ಕೊಂಡಿರಿ, ಎಂದು ಫೋನಿಟ್ಟ. ‘ಅವನನ್ನ’ ಎಂದುಬಿಟ್ಟದ್ದು ಆಮೇಲೆ ತಿಳಿಯಿತು.

ದೊಡ್ಡ ಪೆಟ್ಟಿಗೆ ರಿಪೇರಿಯಾಯಿತು. ಬಾಣಂತಿ ಮೇಡಂನ ಪರದೆಯ ಮುಂದೆ ಕುರ್ಚಿ ಹಾಕಿಕೊಂಡು ಕೂತ. ಅತ್ತ ವಾರ್ಡಿನ ಬಾಗಿಲಲ್ಲಿ ಹೆಂಡತಿ ಕೂತಿದ್ದಳು. ಮನೆಯಲ್ಲಿ ಇಬ್ಬರೂ ಎದುರುಬದುರಾದರೆ ಗೋಡೆ ನೋಡುತ್ತಿದ್ದರು. ‘ಇನ್ನೂ ಇಲ್ಲವೇ’ ಎಂದು ಅವಳು ಕೇಳಿದ್ದರೆ ಅವನು ಮುರಿದುಬೀಳುತ್ತಿದ್ದ. ಅವಳು ಕೇಳಲಿಲ್ಲ. ಹಠಮಾರಿ ಹೆಂಗಸು, ಹಠವೇ ಅವತ್ತು ಅವಳ ತಮ್ಮನನ್ನೂ ಗಂಡನನ್ನೂ ಕಾದದ್ದು ಎಂದು ನಾನಂತೂ ಹೇಳುತ್ತೇನೆ.

ಒಂದು ಬೆಳಗ್ಗೆ ಪರದೆಯ ಮೇಲೆ ನೀಲಿಯ ಸಂತೆ ನಿಂತಿತ್ತು. ಒಂದು ಸರಿದರೆ ಪಕ್ಕದ್ದೂ ಸರಿಯಿತು, ಅದರಾಚೆಯದ್ದೂ ಸರಿಯಿತು. ಮೇಡಂ ಅವನ ಭುಜ ತಟ್ಟಿ, “ಏಳಿ, ಕೈ ತೊಳ್ಕೊಳ್ಳಿ,” ಎಂದರು.

ಯಾರದ್ದೆಂದು ಗೊತ್ತಿದ್ದೂ ಅವನು ಎತ್ತಿದ ಮೊದಲ ಚರ್ಮ ಅದು. ಚಿಮಟ ಗಾಜಿಗೆ ತಗುಲಿ ಟಿಣ್ ಅಂದಿತು. ಕೈಗೆ ಬುದ್ಧಿ ಹೇಳಲು ಅವನಿಗಿದ್ದದ್ದು ಅದೇ ಮಗ್ಗಿ. ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು ಎಂದು ಗೊಣಗುತ್ತ ಒಂದೊಂದೇ ಹಾಳೆ ಎತ್ತಿದ. ಎಲ್ಲವೂ ಇಡಿಯಾಗಿ ಎದ್ದವು.

ಹುಡುಗ ಬದುಕಿದ. ಜ್ವರ ತಕ್ಷಣ ಇಳಿಯಲಿಲ್ಲ, ಇನ್ನೂ ಕೆಲವು ದಿನ ಎಲ್ಲರನ್ನೂ ಆಟವಾಡಿಸಿತು. ಒಗೆಯುವ ಕಾರ್ಖಾನೆಯ ಹೆಂಗಸು ಅಷ್ಟರಲ್ಲಿ ಗೋಡೆ ಹಿಡಿದು ನಡೆಯುತ್ತಿದ್ದಳು. ಬ್ಯಾಂಡೇಜು ಪೂರ್ತಿ ಬಿಚ್ಚುವ ದಿನ ಬಾಣಂತಿ ಮೊದಲ ಸಲ ವಾರ್ಡಿಗೆ ಬಂದ. ಹಾಸಿಗೆಯ ಒಂದು ಕಡೆ ಹೆಂಡತಿ, ಇನ್ನೊಂದು ಕಡೆ ಅವನು. ಭಾಮೈದ ಬೋರಲಾಗಿ ಮಲಗಿದ್ದ. ಬೆನ್ನು, ಸೊಂಟ, ತೊಡೆಗಳ ಮೇಲೆ ಹೊಸ ಚರ್ಮ ತೆಳ್ಳಗೆ, ಗುಲಾಬಿಯಾಗಿ ಹೊಳೆಯುತ್ತಿತ್ತು. ಎಡತೊಡೆಯ ಹಿಂದೆ ಮಾತ್ರ ಅಂಗೈಯಗಲ ಜಾಗ ಮುಚ್ಚಿರಲಿಲ್ಲ, ಕೆಂಪಗೆ ಹಸಿಯಾಗಿ ಉಳಿದಿತ್ತು.

“ಅದ್ಯಾಕೆ ಅಲ್ಲೊಂದು ಬಿಟ್ಟಿದ್ದೀರಾ ಭಾವ? ಬಟ್ಟೆ ಸಾಲಲಿಲ್ವಾ?” ಎಂದ ದಿಂಬಿನೊಳಗಿಂದಲೇ.

“ಅದು ನಾನು ಹಾಳು ಮಾಡಿದ್ದು ಕಣೋ. ನೀಲಿ ನಿಂದು ಅಂತ ಗೊತ್ತಾದ ಮಾರನೇ ದಿನ ಆತುರ ಬಿದ್ದು ಎತ್ತಿದೆ. ನೀರಾಗೋಯ್ತು.”

ಹೆಂಡತಿ ತಲೆಯೆತ್ತಿದಳು. ಅಷ್ಟು ದಿನದ ಮೇಲೆ ಗಂಡನ ಕಡೆ ನೇರವಾಗಿ ನೋಡಿದಳು.

“ಅವತ್ತು ಬಾಗಿಲ ಹತ್ರ ನಾನು ಬಣ್ಣ ಹೇಳಿಬಿಟ್ಟಿದ್ರೆ?”

ಬಾಣಂತಿ ಆ ಕೆಂಪು ಜಾಗದ ಮೇಲೆ, ಮುಟ್ಟದ ಹಾಗೆ, ಅಂಗೈ ಹಿಡಿದು ತೋರಿಸಿದ.

“ಅವತ್ತೇ ಎಲ್ಲಾನೂ ಎತ್ತಿಬಿಡ್ತಿದ್ದೆ. ಇವನ ಮೈಯೆಲ್ಲ ಹೀಗೇ ಇರೋದು.”

ಅವಳು ಬಾಯಿಗೆ ಕೈ ಅಡ್ಡ ಹಿಡಿದಳು, ಆದರೂ ಅಳು ತಡೆಯಲಿಲ್ಲ.

“ಅಕ್ಕಾ, ಅಳಬೇಡ್ವೇ,” ಎಂದ ತಮ್ಮ. “ಬಾಣಂತಿ ಎದುರಿಗೆ ಹೀಗೆಲ್ಲ ಅಳಬಾರದು.”

ಅವಳು ಮೂಗೊರೆಸಿಕೊಂಡು, ಗಂಡನ ಕಡೆ ತಿರುಗಿ, “ಅವತ್ತು ನೀವು ಮಗ್ಗಿ ಹೇಳಿದ್ದೇ ಒಳ್ಳೇದಾಯ್ತು ರೀ,” ಎಂದಳು.